ಸಂತೆಗೆ ಹೋದವರು ಕ್ಷೇಮವಾಗಿ ಮನೆಗೆ ಮರಳಲಿ

(ಭಾಷಣದ ಪಾಠ)



ಕನಕಪುರ, ಹಾರೋಹಳ್ಳಿ, ಬನ್ನೇರುಘಟ್ಟ ಮತ್ತು ಆನೇಕಲ್ ಕಡೆಯ ರೈತರಿಗೆ ಬೆಂಗಳೂರಿನ ದಕ್ಷಿಣ ಭಾಗ ಹೊಸದೇನೂ ಅಲ್ಲ. ಸೊಪ್ಪು, ತರಕಾರಿಗಳನ್ನು ಬೆಳಗಿನ ಜಾವದಲ್ಲಿಯೇ ಹೇರಿಕೊಂಡು ಸಾರಕ್ಕಿ ಮತ್ತು ಮಡಿವಾಳದ ಮಾರುಕಟ್ಟೆಗಳಿಗೆ ಹೋಗುವುದು ರೂಢಿಯಲ್ಲಿದೆ. ಇಂದು ಬಿ.ಟಿ.ಎಂ. ಬಡಾವಣೆ ಎಂದು ಕರೆಯುವ ಪ್ರದೇಶದ ಹೆಸರಿನಲ್ಲಿಯೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ. ಜಯನಗರ, ಜೆ.ಪಿ. ನಗರ, ಬನಶಂಕರಿಗಳೂ ಯಡಿಯೂರು, ಸಾರಕ್ಕಿಯಂತಹ ಹಳ್ಳಿಗಳ ಹೊಲ-ಕೆರೆಗಳ ನಡುವೆ ಬೆಳೆದ ಬಡಾವಣೆಗಳೇ. ಎತ್ತಿನ ಗಾಡಿ ಗಂಟೆಗೆ ನಾಲ್ಕು ಕಿಲೋಮೀಟರ್ ಸಾಗುತ್ತಿದ್ದ ದಾರಿಯಲ್ಲಿ ಈಗ ಮೋಟಾರು ವಾಹನಗಳು 60-80 ಕಿ.ಮೀ. ವೇಗದಲ್ಲಿ ಓಡುತ್ತಿವೆ. ದಾರಿ ಹಳೆಯದೇ ಆದರೂ ಅಪಾಯ ಹೊಸದು.

ಅಂಕಿ-ಅಂಶಗಳು ಏನು ಹೇಳುತ್ತವೆ?

1970ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಿಂದ ಮೃತಪಟ್ಟವರ ಸಂಖ್ಯೆ ಸುಮಾರು 14,500. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಮಂದಿ ಮೃತಪಟ್ಟರು. 4,43,366 ಮಂದಿ ಗಾಯಗೊಂಡರು. ಅಂದರೆ ದಿನವೊಂದಕ್ಕೆ ಸುಮಾರು 460 ಸಾವು. 2023ರಲ್ಲಿ ಸಾವಿನ ಸಂಖ್ಯೆ 1,72,000 ದಾಟಿತು. ಕರ್ನಾಟಕದಲ್ಲಿ 2022ರಲ್ಲಿ 11,702 ಮಂದಿ ಪ್ರಾಣ ಕಳೆದುಕೊಂಡರು. ಬೆಂಗಳೂರು ನಗರವೊಂದರಲ್ಲಿಯೇ 2023ರಲ್ಲಿ ಸತ್ತವರು 900ಕ್ಕೂ ಹೆಚ್ಚು.

ಅಪಘಾತವೆಂದರೆ ಪೇಟೆಯವರ ಸಮಸ್ಯೆ ಎಂಬ ಭಾವನೆ ಹಳ್ಳಿಗಳಲ್ಲಿ ಉಂಟು. ಇದು ಸರಿಯಲ್ಲ. 2022ರಲ್ಲಿ ಮೃತಪಟ್ಟವರಲ್ಲಿ ನೂರಕ್ಕೆ 68 ಮಂದಿ ಸತ್ತದ್ದು ಗ್ರಾಮೀಣ ಪ್ರದೇಶದ ರಸ್ತೆಗಳಲ್ಲಿ. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಸುಮಾರು 20 ಮಂದಿ ಪಾದಚಾರಿಗಳು. ಮೂವರಲ್ಲಿ ಇಬ್ಬರು 18ರಿಂದ 45 ವರ್ಷದೊಳಗಿನವರು, ಅಂದರೆ ಮನೆಯ ದುಡಿಯುವ ಕೈಗಳು.

ಅಪಘಾತ ಹಣೆಬರಹವಲ್ಲ

ಒಂದು ಕಾಲಕ್ಕೆ ರಾಗಿಗೆ ಬೆಂಕಿ ರೋಗ ಬಿದ್ದರೆ ದೇವರ ಕೋಪವೆಂದು ಸುಮ್ಮನಾಗುತ್ತಿದ್ದುದುಂಟು. ಅದಕ್ಕೆ ಕಾರಣ ಒಂದು ಶಿಲೀಂಧ್ರವೆಂದು ತಿಳಿದ ಮೇಲೆ ಬೀಜೋಪಚಾರ ಮಾಡುವುದು, ರೋಗ ನಿರೋಧಕ ತಳಿ ಬಿತ್ತುವುದು ಬಳಕೆಗೆ ಬಂದವು. ರಸ್ತೆ ಅಪಘಾತವೂ ಹೀಗೆಯೇ. ಅದಕ್ಕೆ ಗೊತ್ತಾದ ಕಾರಣಗಳಿವೆ, ಗೊತ್ತಾದ ಪರಿಹಾರಗಳೂ ಇವೆ. 2022ರ ಸಾವುಗಳಲ್ಲಿ ನೂರಕ್ಕೆ 71ಕ್ಕೆ ಅತಿ ವೇಗವೇ ಕಾರಣವೆಂದು ದಾಖಲಾಗಿದೆ.

ವೇಗದ ಲೆಕ್ಕ

ಹಗಲಿನಲ್ಲಿ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಾಗಲಿ, ಬನಶಂಕರಿ ಬಸ್ ನಿಲ್ದಾಣದ ಬಳಿಯಾಗಲಿ ವಾಹನಗಳು ಸಾಲುಗಟ್ಟಿ ತೆವಳುತ್ತವೆ. ಅದರಿಂದ ತಾಳ್ಮೆ ಕೆಡುತ್ತದೆಯೇ ಹೊರತು ಜೀವ ಹೋಗುವುದು ಅಪರೂಪ. ಬೆಳಗಿನ ಜಾವದಲ್ಲಿ ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ ಮತ್ತು ವರ್ತುಲ ರಸ್ತೆಗಳು ಖಾಲಿಯಾಗಿ ಕಾಣುತ್ತವೆ. ಹರಾಜಿಗೆ ತಡವಾಗಬಾರದೆಂಬ ಆತುರದಲ್ಲಿ ಚಾಲಕ ವೇಗ ಹೆಚ್ಚಿಸುತ್ತಾನೆ. ಅದೇ ಹೊತ್ತಿಗೆ ಪೌರಕಾರ್ಮಿಕರು, ಹಾಲು ಮತ್ತು ಪತ್ರಿಕೆ ಹಂಚುವವರು, ಬುಟ್ಟಿ ಹೊತ್ತ ಹೆಂಗಸರು ರಸ್ತೆಯಲ್ಲಿರುತ್ತಾರೆ. ಮೆಟ್ರೋ ಮಾರ್ಗದ ಕಂಬಗಳ ಮರೆಯಿಂದ ರಸ್ತೆ ದಾಟುವವರು ಕೊನೆಯ ಗಳಿಗೆಯವರೆಗೆ ಕಾಣುವುದಿಲ್ಲ.

ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಎದುರಿಗೆ ಆಳು ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದು ಸೆಕೆಂಡಾದರೂ ಕಳೆಯುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಇದ್ದರೂ ವಾಹನ ಪೂರ್ತಿ ನಿಲ್ಲಲು ಸುಮಾರು 20 ಮೀಟರ್ ಬೇಕು. ವೇಗ 60 ಕಿ.ಮೀ. ಆದರೆ ಈ ದೂರ ಸುಮಾರು 37 ಮೀಟರಿಗೆ ಏರುತ್ತದೆ. ಮಳೆಯಲ್ಲಿ, ಹೆಚ್ಚು ಹೊರೆ ಇದ್ದಾಗ, ಟೈರು ಸವೆದಿದ್ದಾಗ ಇನ್ನೂ ಹೆಚ್ಚು. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟಾಗುತ್ತದೆ. ಹತ್ತು ಕಿಲೋಮೀಟರ್ ದಾರಿಯನ್ನು 60ರ ಬದಲು 40ರ ವೇಗದಲ್ಲಿ ಕ್ರಮಿಸಿದರೆ ಆಗುವ ತಡ ಕೇವಲ ಐದು ನಿಮಿಷ.

ನಿದ್ದೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಹಗಲೆಲ್ಲ ಕೊಯ್ಲು ಮಾಡಿ, ರಾತ್ರಿ ಹೊರೆ ಕಟ್ಟಿ, ಮೂರು ಗಂಟೆಗೆ ಗಾಡಿ ಹತ್ತಿದವನ ಕಣ್ಣು ತಾನಾಗಿಯೇ ಮುಚ್ಚುತ್ತದೆ. ಕೊಯ್ಲಿನಲ್ಲಿ ದಣಿಯದ ಮತ್ತೊಬ್ಬರು ಗಾಡಿ ನಡೆಸುವುದು ಒಳಿತು. ಅದು ಸಾಧ್ಯವಾಗದಿದ್ದಲ್ಲಿ ರಸ್ತೆಯಿಂದ ದೂರ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗತಕ್ಕದ್ದು. ಮದ್ಯ ಸೇವಿಸಿದವರು ಯಾವ ಕಾರಣಕ್ಕೂ ವಾಹನ ನಡೆಸಬಾರದು.

ತಲೆಗೆ ಹೆಲ್ಮೆಟ್

2022ರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಇವರಲ್ಲಿ 14,337 ಮಂದಿ ಹಿಂಬದಿ ಸವಾರರು. ಸರಿಯಾದ ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ ಸುಮಾರು 42ರಷ್ಟು, ತಲೆಪೆಟ್ಟಿನ ಸಂಭವವನ್ನು ಸುಮಾರು 69ರಷ್ಟು ತಗ್ಗಿಸುತ್ತದೆಂದು ಅಧ್ಯಯನಗಳು ತಿಳಿಸುತ್ತವೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ.

ಆದರೆ ಹೆಲ್ಮೆಟ್ ಇಂದಿಗೂ ಹಲವರಿಗೆ ಪೊಲೀಸರಿಗೆ ತೋರಿಸುವ ವಸ್ತು. ಊರಿಂದ ಹೊರಡುವಾಗ ಟ್ಯಾಂಕಿನ ಮೇಲಿದ್ದದ್ದು ನಗರದ ಸಿಗ್ನಲ್ ಹತ್ತಿರವಾದಾಗ ತಲೆಗೆ ಏರುತ್ತದೆ. ಬಿತ್ತನೆಗೆ ಮೊದಲು ಮಾಡಬೇಕಾದ ಬೀಜೋಪಚಾರವನ್ನು ಪೈರು ಬಂದ ಮೇಲೆ ಮಾಡಿದಂತೆ ಇದು. ಐ.ಎಸ್.ಐ. ಗುರುತಿನ, ಕಿವಿ ಮುಚ್ಚುವ ಹೆಲ್ಮೆಟ್ಟನ್ನೇ ಕೊಳ್ಳಬೇಕು. ಗಲ್ಲದ ಪಟ್ಟಿ ಬಿಗಿಯದಿದ್ದರೆ ಬಿದ್ದಾಗ ಮೊದಲು ಹಾರಿಹೋಗುವುದು ಅದೇ.

ಟ್ರ್ಯಾಕ್ಟರ್ ಮತ್ತು ಗಾಡಿಗಳು

ಕತ್ತಲಲ್ಲಿ ದೀಪವಿಲ್ಲದ ಟ್ರೇಲರ್ ಹಿಂದಿನಿಂದ ಬರುವವನಿಗೆ ಕಾಣದ ಗೋಡೆ. ಅದರ ಹಿಂಭಾಗದ ಎರಡೂ ಅಂಚಿಗೆ, ಎತ್ತಿನ ಗಾಡಿಯ ಹಿಂದಕ್ಕೆ ಕೂಡ, ಬೆಳಕಿಗೆ ಹೊಳೆಯುವ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಬೇಕು. ಇದಕ್ಕೆ ತಗಲುವ ಖರ್ಚು ಅತಿ ಕಡಿಮೆ. ಟ್ರ್ಯಾಕ್ಟರನ್ನು ರಸ್ತೆಗೆ ಇಳಿಸುವ ಮುನ್ನ ಎಡ-ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಒಂದುಗೂಡಿಸತಕ್ಕದ್ದು. ಉಳುವಾಗ ತಿರುಗಲು ಬಿಡಿಸಿದ ಕೊಂಡಿಯನ್ನು ಹಾಕಲು ಮರೆತರೆ, ವೇಗದಲ್ಲಿ ಬ್ರೇಕ್ ಒತ್ತಿದಾಗ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ಮಗುಚಬಹುದು. ಮಡ್‌ಗಾರ್ಡ್ ಮೇಲೆ, ಟ್ರೇಲರಿನ ಹೊರೆಯ ಮೇಲೆ ಜನರನ್ನು ಕೂರಿಸಬಾರದು. ಅಪಘಾತವಾದಲ್ಲಿ ಅವರ ವಿಮೆಯ ಪರಿಹಾರಕ್ಕೂ ತೊಡಕುಂಟಾಗುತ್ತದೆ.

ಟೈರು ಕೆಟ್ಟಾಗ ಚಕ್ರಕ್ಕೆ ಇಟ್ಟ ಕಲ್ಲನ್ನು ಹಾಗೆಯೇ ಬಿಟ್ಟು ಹೋಗುವುದು ಇನ್ನೊಂದು ಕೆಟ್ಟ ಅಭ್ಯಾಸ. ಮುಂದೆ ಬರುವ ಸ್ಕೂಟರಿನವನಿಗೆ ಆ ಕಲ್ಲೇ ಮೃತ್ಯು. ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸುವುದೂ ಅಂತಹುದೇ. ಹುಲ್ಲಿನ ಮೇಲೆ ದ್ವಿಚಕ್ರ ವಾಹನ ಜಾರುತ್ತದೆ. ಕಾರಿನ ಅಡಿಗೆ ಸುತ್ತಿಕೊಂಡ ಹುಲ್ಲು ಬಿಸಿಗೆ ಹೊತ್ತಿಕೊಳ್ಳುವ ಅಪಾಯವಿದೆ. ಕಾಳಿಗೆ ಮಣ್ಣು, ಎಣ್ಣೆ ಸೇರಿ ಬೆಲೆಯೂ ಕುಸಿಯುತ್ತದೆ. ಕಣವಿಲ್ಲದವರು ನಾಲ್ಕಾರು ಮಂದಿ ಸೇರಿ ಒಂದು ಕಣ ಮಾಡಿಕೊಳ್ಳುವುದು, ಇಲ್ಲವೆ ಬಾಡಿಗೆಗೆ ಒಕ್ಕಣೆ ಯಂತ್ರ ತರಿಸುವುದು ಮೇಲು.

ಬಿದ್ದವರನ್ನು ಕಂಡಾಗ

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸ್ ಠಾಣೆ, ಕೋರ್ಟು ಅಲೆಯಬೇಕೆಂಬ ಹೆದರಿಕೆಯಿಂದ ಎಷ್ಟೋ ಮಂದಿ ಕಣ್ಣು ತಪ್ಪಿಸಿ ಹೋಗುತ್ತಾರೆ. ಆ ಕಾಲ ಕಳೆಯಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂತಹ ನೆರವಿಗರನ್ನು ರಕ್ಷಿಸುವ ಮಾರ್ಗಸೂಚಿಗೆ ಒಪ್ಪಿಗೆ ನೀಡಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಕಲಮು ಸೇರಿತು. ಗಾಯಾಳುವಿಗೆ ನೆರವಾದವರು ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ. ಆಸ್ಪತ್ರೆಯ ಖರ್ಚು ಅವರ ಹೊಣೆಯಲ್ಲ.

ಮೊದಲು 108 ಅಥವಾ 112ಕ್ಕೆ ಕರೆ ಮಾಡಬೇಕು. ರಕ್ತ ಸುರಿಯುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಕತ್ತು, ಬೆನ್ನಿಗೆ ಪೆಟ್ಟಾಗಿರುವ ಸಂಶಯವಿದ್ದರೆ, ಬೆಂಕಿ ಅಥವಾ ವಾಹನಗಳ ಅಪಾಯವಿಲ್ಲದಲ್ಲಿ, ಕದಲಿಸಬಾರದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ದಕ್ಷಿಣ ಬೆಂಗಳೂರಿನಲ್ಲಿ ತಲೆಪೆಟ್ಟಿಗೆ ನಿಮ್ಹಾನ್ಸ್, ಮೂಳೆಪೆಟ್ಟಿಗೆ ಬೈರಸಂದ್ರದ ಸಂಜಯ ಗಾಂಧಿ ಸಂಸ್ಥೆ ಇವೆ. ಆದರೂ ಮೊದಲ ಗಂಟೆಯಲ್ಲಿ ದೊಡ್ಡ ಆಸ್ಪತ್ರೆಯನ್ನು ಹುಡುಕುವುದಕ್ಕಿಂತ ಹತ್ತಿರದ ಆಸ್ಪತ್ರೆಗೆ ಸೇರಿಸುವುದು ಮುಖ್ಯ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ, ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು.

ಕೊನೆಯದಾಗಿ, ವಿಸ್ತರಣಾ ಕಾರ್ಯಕರ್ತರು ಹಾಲು ಉತ್ಪಾದಕರ ಸಂಘದ ಸಭೆಯಲ್ಲಿ, ಕ್ಷೇತ್ರೋತ್ಸವದಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮೀಸಲಿಡುವುದು ಅಗತ್ಯ. ಅಲ್ಲಿಯೇ ಎಲ್ಲ ಟ್ರೇಲರುಗಳಿಗೂ ಪಟ್ಟಿ ಅಂಟಿಸಿದರೆ ಇನ್ನೂ ಉತ್ತಮ. ಒಂದು ಬೆಳೆ ಹೋದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ಒಂದು ದಿನ ಬೆಲೆ ಬೀಳುವುದನ್ನೂ ತಾಳಿಕೊಳ್ಳಬಹುದು. ದುಡಿಯುವ ಮಗ ರಸ್ತೆಯಲ್ಲಿ ಉಳಿದುಹೋದ ಮನೆಗೆ ಮುಂದಿನ ಮುಂಗಾರು ಬಂದರೂ ಆ ನಷ್ಟ ತುಂಬುವುದಿಲ್ಲ. ಆದುದರಿಂದ ನಾಳೆ ಬೆಳಗಿನ ಜಾವ ಹೊರಡುವ ಮುನ್ನ ದೀಪ, ಬ್ರೇಕು, ಟೈರು, ಹೆಲ್ಮೆಟ್ ಈ ನಾಲ್ಕನ್ನೂ ನೋಡಿಕೊಂಡು, ಐದು ನಿಮಿಷ ಮೊದಲೇ ಹೊರಡುವುದು ಲೇಸು.