ಖಾಲಿ ಜಾಗವೂ ಲೆಕ್ಕವೇ

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ಸಾಲ ಎಷ್ಟಿದೆ ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ ನೋಟೀಸಿನಲ್ಲಿ ಬರೆದ ಮೊತ್ತವನ್ನೇ ಹೇಳುತ್ತೇವೆ. ಅದು ಸಾಲ ಕೊಟ್ಟವರ ಲೆಕ್ಕ. ಅದರಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು, ನಾವು ಕಟ್ಟಿದ್ದೆಷ್ಟು, ವಿಮೆ ಅಂತ ಮುರಿದುಕೊಂಡದ್ದೆಷ್ಟು? ಬಿಡಿಸಿ ನೋಡುವವರು ಕಡಿಮೆ. ಲೆಕ್ಕವಿಲ್ಲದೆ ನ್ಯಾಯ ಕೇಳಲು ಹೋದವನು ಕೈಮುಗಿದು ವಾಪಸ್ಸು ಬರಬೇಕಾಗುತ್ತದೆ.

ಆದ್ದರಿಂದ ನಿಮ್ಮ ಸಾಲದ ಖಾತೆಯ ಪೂರ್ತಿ ವಿವರ ಕೇಳಿ ಪಡೆಯಿರಿ. ಎಷ್ಟೋ ಕಡೆ ಅದು ಟೆಕ್ಸ್ಟ್ ಫೈಲಾಗಿ ಸಿಗುತ್ತದೆ. ಹತ್ತು ವರ್ಷದ ಲೆಕ್ಕವನ್ನು ಕೈಯಲ್ಲಿ ಕೂಡುವುದು ಕಷ್ಟ. ಕಂಪ್ಯೂಟರಿನ ಸ್ಪ್ರೆಡ್‌ಶೀಟಿಗೆ ಹಾಕಿದರೆ ಕ್ಷಣದಲ್ಲಿ ಆಗುತ್ತದೆ. ತೊಡಕು ಇರುವುದು ಹಾಕುವುದರಲ್ಲೇ.

ಆ ಫೈಲಿನಲ್ಲಿ ತಾರೀಖು, ವಿವರ, ಖರ್ಚು, ಜಮಾ, ಬಾಕಿ ಇವುಗಳ ನಡುವೆ ಗೆರೆಯಿಲ್ಲ, ಕಾಮಾ ಇಲ್ಲ. ಬರೀ ಖಾಲಿ ಜಾಗ. ಕೂರಿಗೆ ಬಿತ್ತಿದ ಹೊಲದಲ್ಲಿ ಸಾಲಿನಿಂದ ಸಾಲಿಗೆ ಅಂತರ ಇರುವ ಹಾಗೆ, ಇಲ್ಲಿ ಪ್ರತಿ ಕಾಲಮಿಗೂ ಇಷ್ಟನೇ ಅಕ್ಷರದಿಂದ ಇಷ್ಟನೇ ಅಕ್ಷರದವರೆಗೆ ಅಂತ ಅಳತೆ ಇರುತ್ತದೆ.

ಬಹಳ ಜನ ಯಂತ್ರಕ್ಕೆ 'ಖಾಲಿ ಜಾಗ ಕಂಡಲ್ಲಿ ಒಡೆ, ಎಷ್ಟು ಖಾಲಿ ಇದ್ದರೂ ಒಂದೇ ಅಂತ ಎಣಿಸು' ಅಂತ ಹೇಳಿಬಿಡುತ್ತಾರೆ. ಏನಾಗುತ್ತದೆ ನೋಡಿ. ನೀವು 10,000 ರೂಪಾಯಿ ಕಟ್ಟಿದ ಸಾಲಿನಲ್ಲಿ ಖರ್ಚಿನ ಕಾಲಂ ಖಾಲಿ ಇರುತ್ತದೆ. ಯಂತ್ರ ಆ ಖಾಲಿಯನ್ನು ನುಂಗಿ, ನಿಮ್ಮ ಹಣವನ್ನು ಎಡಕ್ಕೆ ಜರುಗಿಸಿ ಖರ್ಚಿನಲ್ಲಿ ಕೂರಿಸುತ್ತದೆ. ಕಟ್ಟಿದ ಹಣವೇ ಸಾಲವಾಯಿತು! ಒಂದೇ ಏಟಿಗೆ 20,000 ರೂಪಾಯಿ ವ್ಯತ್ಯಾಸ. ವಿವರದಲ್ಲಿ ಮೂರು ಪದ ಇದ್ದರೆ ಅವು ಮೂರು ಕಾಲಮಾಗಿ ಒಡೆದು ಅಂಕಿಗಳು ಬಲಕ್ಕೆ ಓಡುತ್ತವೆ.

ಸರಿಯಾದ ದಾರಿ ಹೀಗಿದೆ. ಎಲ್ಲವನ್ನೂ ಎಕ್ಸೆಲ್ಲಿನ ಮೊದಲ ಕಾಲಮಿಗೆ ಅಂಟಿಸಿ, 'ಡೇಟಾ' ಅಡಿಯಲ್ಲಿ 'ಟೆಕ್ಸ್ಟ್ ಟು ಕಾಲಮ್ಸ್' ಒತ್ತಿ, 'ಫಿಕ್ಸ್‌ಡ್ ವಿಡ್ತ್' ಆರಿಸಿ. ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲೂ ಇದೇ ಸೌಕರ್ಯ ಇದೆ. ಅಳತೆಪಟ್ಟಿ ಕಾಣುತ್ತದೆ, ಕಾಲಂ ಮುಗಿಯುವ ಕಡೆ ಒತ್ತಿ ಗೆರೆ ಹಾಕಿ. ಎಲ್ಲಕ್ಕಿಂತ ಉದ್ದದ ಮೊತ್ತ ಇರುವ ಸಾಲನ್ನು ನೋಡಿಕೊಂಡು ಹಾಕಿ, ಇಲ್ಲದಿದ್ದರೆ ಅಂಕಿ ನಡುವೆ ತುಂಡಾಗುತ್ತದೆ. ಬಾಕಿಗೆ ಅಂಟಿಕೊಂಡ 'ಡಿಆರ್', 'ಸಿಆರ್' ಅಕ್ಷರಗಳನ್ನು ಬೇರೆ ಕಾಲಂ ಮಾಡಿ. ತಾರೀಖಿನ ಕಾಲಮಿಗೆ ದಿನ-ತಿಂಗಳು-ವರ್ಷ ಅಂತ ತಿಳಿಸಿ. ಬಿಟ್ಟರೆ ಜೂನ್ 5 ಅನ್ನುವುದು ಮೇ 6 ಆಗಿ, ಬಡ್ಡಿಯ ದಿನಗಳೇ ಬದಲಾಗಬಹುದು. ಖಾತೆ ಸಂಖ್ಯೆಯನ್ನು 'ಟೆಕ್ಸ್ಟ್' ಅನ್ನಿ, ಮುಂದಿನ ಸೊನ್ನೆಗಳು ಉಳಿಯುತ್ತವೆ. ಮೊತ್ತದೊಳಗಿನ ಕಾಮಾಗಳನ್ನು ಕತ್ತರಿಸುವ ಮೊದಲು ತೆಗೆಯಬೇಡಿ. ತೆಗೆದರೆ ಅಳತೆಯೇ ತಪ್ಪುತ್ತದೆ. ಪ್ರತಿ ಪುಟದ ತಲೆಬರಹವನ್ನೂ ಪುಟದ ಮೊತ್ತವನ್ನೂ ಅಳಿಸಿ. ಉಳಿದರೆ ಒಂದೇ ಹಣ ಎರಡು ಸಲ ಕೂಡಿಕೊಳ್ಳುತ್ತದೆ.

ಆಮೇಲೆ ತಾಳೆ ನೋಡಿ. ಮೊದಲಿನ ಬಾಕಿಗೆ ಖರ್ಚು ಕೂಡಿಸಿ ಜಮಾ ಕಳೆದರೆ ಕೊನೆಯ ಬಾಕಿ ಬರಬೇಕು. ಪೈಸೆ ವ್ಯತ್ಯಾಸ ಬಂದರೂ ಯಾರ ಮೇಲೂ ಕೂಗಾಡುವ ಮೊದಲು ನಿಮ್ಮ ಗೆರೆಗಳನ್ನು ನೋಡಿ.

ತಾಳೆಯಾದ ಮೇಲೆ ಬಡ್ಡಿಯ ಸಾಲುಗಳನ್ನು ಮಾತ್ರ ಬೇರ್ಪಡಿಸಿ ಕೂಡಿ. ಸಣ್ಣ ಮತ್ತು ಅತಿಸಣ್ಣ ರೈತರ ಅಲ್ಪಾವಧಿ ಸಾಲಕ್ಕೆ ವಾಣಿಜ್ಯ ಬ್ಯಾಂಕು ಹಾಕುವ ಒಟ್ಟು ಬಡ್ಡಿ ಅಸಲನ್ನು ಮೀರಕೂಡದು ಅಂತ ರಿಸರ್ವ್ ಬ್ಯಾಂಕಿನ 2016ರ ನಿರ್ದೇಶನದಲ್ಲಿ ಹೇಳಿತ್ತು. ನಿಮ್ಮ ಖಾತೆಯಲ್ಲಿ ಮೀರಿದೆಯೇ? ಕೂಡಿದ ಹಾಳೆಯನ್ನು ಅಚ್ಚು ಹಾಕಿಸಿ, ಅರ್ಜಿಗೆ ಲಗತ್ತಿಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.

ನಿಮ್ಮೂರಿನಲ್ಲಿ ಕಂಪ್ಯೂಟರ್ ಕಲಿತ ಮಕ್ಕಳಿದ್ದಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆರಳು ಅವರದಿರಲಿ, ಕಣ್ಣು ನಿಮ್ಮದಿರಲಿ. ಯಾವ ವರ್ಷ ಎಷ್ಟು ಕಟ್ಟಿದ್ದೀರಿ ಅನ್ನುವುದು ಯಂತ್ರಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತು.