ತಲೆಗೇರಿದ ಕಂಪ್ಯೂಟರ್: ತಂತಿ ಬೇಕೆ, ಬೇಡವೆ?

ಆಟಕ್ಕೆಂದು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಕೊಳ್ಳಲು ಹೊರಟವರ ಎದುರು ಎರಡು ಬಗೆಯ ಸರಕು ಇರುತ್ತದೆ. ಒಂದು, ಪುಟ್ಟ ಕಂಪ್ಯೂಟರೊಂದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬರುವಂಥದು. ತಲೆಗೆ ಧರಿಸಿದರೆ ಮುಗಿಯಿತು, ಬೇರೇನೂ ಬೇಡ. ಇನ್ನೊಂದು, ಮನೆಯಲ್ಲಿರುವ ದೊಡ್ಡ ಕಂಪ್ಯೂಟರಿಗೆ ತಂತಿ ಕಟ್ಟಿಕೊಂಡು, ಅದು ಬಿಡಿಸಿಕೊಟ್ಟ ಚಿತ್ರವನ್ನು ಕಣ್ಣಿಗೆ ತೋರಿಸುವಂಥದು. ಅಂಗಡಿಯವರು ಈ ವ್ಯತ್ಯಾಸವನ್ನು ಚಿತ್ರದ ಚುಕ್ಕೆಗಳ ಲೆಕ್ಕದಲ್ಲಿ, ಚಿಪ್‌ಗಳ ಹೆಸರಿನಲ್ಲಿ ವಿವರಿಸುತ್ತಾರೆ. ಆ ಲೆಕ್ಕ ಸುಳ್ಳೇನಲ್ಲ. ಆದರೆ ಅದರ ಹಿಂದೆ ಇನ್ನೂ ಸರಳವಾದ, ಇನ್ನೂ ಹಳೆಯದಾದ ಪ್ರಶ್ನೆಯೊಂದಿದೆ: ಚಿತ್ರ ಬಿಡಿಸುವ ಯಂತ್ರವನ್ನು ಎಲ್ಲಿಡಬೇಕು? ತಲೆಯ ಮೇಲೋ, ಮೇಜಿನ ಕೆಳಗೋ?

ಐವಾನ್ ಸದರ್ಲೆಂಡ್ ಎಂಬ ಅಮೆರಿಕದ ವಿಜ್ಞಾನಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ತಮ್ಮ ವಿದ್ಯಾರ್ಥಿಗಳೊಡನೆ ಕಟ್ಟಿದ ತಲೆಪರದೆಯ ವಿವರ 1968ರಲ್ಲಿ ಪ್ರಕಟವಾಯಿತು. ತಲೆ ಎತ್ತ ತಿರುಗಿತೆಂದು ಅಳೆಯಲು ಚಾವಣಿಯಿಂದ ಲೋಹದ ತೋಳೊಂದನ್ನು ಇಳಿಬಿಟ್ಟಿದ್ದರು. ತೊಟ್ಟವನ ಕಣ್ಣ ಮುಂದೆ ಗೆರೆಗಳಲ್ಲಿ ಬಿಡಿಸಿದ ಆಕೃತಿಗಳು ಗಾಳಿಯಲ್ಲಿ ನಿಂತಂತೆ ಕಾಣುತ್ತಿದ್ದವು. ಆ ತೋಳಿಗೆ ಬಿದ್ದ ಅಡ್ಡಹೆಸರು ಗ್ರೀಕ್ ಕಥೆಯ ಡಮೋಕ್ಲಿಸನ ತಲೆಯ ಮೇಲಿನ ತೂಗುಕತ್ತಿಯದು. ಹೆಸರು ತಮಾಷೆಯದಾದರೂ ಮಾತು ನಿಜ. ಅಂದಿನ ಕಂಪ್ಯೂಟರನ್ನು ತಲೆಯ ಮೇಲಿಡುವ ಯೋಚನೆ ಯಾರಿಗೂ ಬರುವಂತಿರಲಿಲ್ಲ. ಗಾಣದ ಎತ್ತಿನಂತೆ ಕಟ್ಟಿದ ಜಾಗದಲ್ಲೇ ಸುತ್ತಬೇಕಾಗಿತ್ತು.

ಜನಸಾಮಾನ್ಯರ ಆಟಕ್ಕೆ ಇದು ಬಂದದ್ದು 1991ರಲ್ಲಿ, ಇಂಗ್ಲೆಂಡಿನ ವರ್ಚುವಾಲಿಟಿ ಯಂತ್ರಗಳ ಮೂಲಕ. ಆಟದ ಅಂಗಡಿಯಲ್ಲಿ ಕಟಕಟೆಯಂಥ ಬಳೆಯೊಳಗೆ ನಿಂತು, ಭಾರದ ಹೆಡ್‌ಸೆಟ್ ತೊಟ್ಟು ಆಡಬೇಕಿತ್ತು. 1995ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ವರ್ಚುವಲ್ ಬಾಯ್ ಎಂಬುದನ್ನು ತಂದು, ತಂತಿಯೂ ಬೇಡ ಕಂಪ್ಯೂಟರೂ ಬೇಡ ಎಂದಿತು. ಆರು ಸಣ್ಣ ಬ್ಯಾಟರಿ ಹಾಕಿದರೆ ಸಾಕು. ಆದರೆ ಅದನ್ನು ಮೇಜಿನ ಮೇಲೆ ಕಾಲೂರಿಸಿ ನಿಲ್ಲಿಸಿ ಬಗ್ಗಿ ನೋಡಬೇಕಿತ್ತು; ಚಿತ್ರವೆಲ್ಲ ಕಪ್ಪಿನ ಮೇಲೆ ಕೆಂಪು; ತಲೆ ತಿರುಗಿಸಿದರೆ ದೃಶ್ಯ ತಿರುಗುತ್ತಿರಲಿಲ್ಲ. ಜಾತ್ರೆಯಲ್ಲಿ ಪೆಟ್ಟಿಗೆಯೊಳಗೆ ಇಣುಕಿ ನೋಡುವುದಕ್ಕೂ ಇದಕ್ಕೂ ಹೆಚ್ಚು ದೂರವಿರಲಿಲ್ಲ. ಬರೀ 22 ಆಟಗಳು ಹೊರಬಂದು, ಮರುವರ್ಷವೇ ಅದರ ಕಥೆ ಮುಗಿಯಿತು. ಸ್ವತಂತ್ರವಾಗಿರುವುದು ಸುಲಭ, ಸ್ವತಂತ್ರವಾಗಿದ್ದೂ ಸಮರ್ಥವಾಗಿರುವುದು ಕಷ್ಟ ಎಂಬುದಕ್ಕೆ ಅದೇ ಮೊದಲ ಸಾಕ್ಷಿ.

ಕಷ್ಟವೇಕೆ? ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಕೂತು ಪುಸ್ತಕ ಓದಲು ಹೋದವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ. ಕಿವಿಯೊಳಗಿನ ಸಮತೋಲದ ಅಂಗ 'ಚಲಿಸುತ್ತಿದ್ದೇನೆ' ಎನ್ನುತ್ತದೆ, ಪುಟದ ಮೇಲಿನ ಕಣ್ಣು 'ಇಲ್ಲ' ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಹೆಡ್‌ಸೆಟ್ಟಿನಲ್ಲಿ ಜಗಳ ತಿರುಗುಮುರುಗು: ಕಣ್ಣು ಓಡುತ್ತದೆ, ಮೈ ನಿಂತಿರುತ್ತದೆ. ಅದರ ಮೇಲೆ, ತಲೆ ತಿರುಗಿಸಿದ ಮೇಲೆ ಚಿತ್ರ ತಡವಾಗಿ ತಿರುಗಿದರೆ ಸಂಕಟ ಇನ್ನೂ ಹೆಚ್ಚು. ಈ ತಡ ಸೆಕೆಂಡಿನ ಐವತ್ತನೆಯ ಒಂದು ಭಾಗವನ್ನು, ಎಂದರೆ 20 ಮಿಲಿಸೆಕೆಂಡನ್ನು ಮೀರಬಾರದೆಂಬುದು ತಂತ್ರಜ್ಞರು ಹಾಕಿಕೊಂಡ ಗಡಿ. ಸೆಕೆಂಡಿಗೆ 90 ಚಿತ್ರ ಬೇಕೆಂದರೆ ಒಂದೊಂದನ್ನು ಬಿಡಿಸಲು ಸಿಗುವ ಸಮಯ ಸುಮಾರು 11 ಮಿಲಿಸೆಕೆಂಡು. ಅದೂ ಎರಡು ಕಣ್ಣಿಗೆ ಎರಡು ಚಿತ್ರ!

ಈ ಶ್ರಮಕ್ಕೆ ದೊಡ್ಡ ಯಂತ್ರವೇ ಬೇಕೆಂದು 2016ರಲ್ಲಿ ಎಲ್ಲರೂ ನಂಬಿದ್ದರು. 2012ರಲ್ಲಿ ಸಾರ್ವಜನಿಕರಿಂದ ಸುಮಾರು 24 ಲಕ್ಷ ಡಾಲರ್ ಸಂಗ್ರಹಿಸಿ ಹೊರಟ ಆಕ್ಯುಲಸ್ ಕಂಪನಿಯನ್ನು ಫೇಸ್‌ಬುಕ್ 2014ರಲ್ಲಿ ಕೊಂಡುಕೊಂಡಿತು. ಅದರ ರಿಫ್ಟ್ ಹೆಡ್‌ಸೆಟ್ 2016ರ ಮಾರ್ಚ್‌ನಲ್ಲಿ 599 ಡಾಲರಿಗೆ ಬಂತು. ಆದರೆ ಕಂಪ್ಯೂಟರೂ ಸೇರಿದ ಕಟ್ಟಿನ ಬೆಲೆ 1499 ಡಾಲರಿನಿಂದ ಆರಂಭ. ಹೆಡ್‌ಸೆಟ್ಟಿನ ಬೆಲೆಯಷ್ಟನ್ನೇ ನೋಡಿ ಹೊರಟವರಿಗೆ ಎದುರಾಗುವ ಪೆಟ್ಟು ಅಂದಿಗೂ ಇಂದಿಗೂ ಅದೇ. ಮರುತಿಂಗಳು ಬಂದ ಎಚ್‌ಟಿಸಿ ವೈವ್‌ಗೆ 799 ಡಾಲರ್. ಕೋಣೆಯ ಮೂಲೆಗಳಲ್ಲಿ ಎರಡು ಲೇಸರ್ ಪೆಟ್ಟಿಗೆಗಳನ್ನೂ ಇಡಬೇಕಿತ್ತು.

ಚಿತ್ರ ಬದಲಾದದ್ದು 2019ರ ಮೇ ತಿಂಗಳಲ್ಲಿ. 399 ಡಾಲರಿನ ಆಕ್ಯುಲಸ್ ಕ್ವೆಸ್ಟ್ ಹೊರಬಂತು. ಮೊಬೈಲ್ ಫೋನಿನ ಚಿಪ್ಪನ್ನೇ ಒಳಗಿಟ್ಟುಕೊಂಡ, ತನ್ನ ಕ್ಯಾಮೆರಾಗಳಿಂದಲೇ ಕೋಣೆಯನ್ನು ಅಳೆಯುವ ಈ ಸಾಧನದಲ್ಲಿ ನಡೆಯಬಹುದು, ಬಗ್ಗಬಹುದು, ಹಿಂದೆ ಸರಿಯಬಹುದು. ಹಿಂದಿನ ವರ್ಷದ ಅಗ್ಗದ ಆಕ್ಯುಲಸ್ ಗೋ ತಲೆ ತಿರುಗಿದ್ದನ್ನು ಮಾತ್ರ ಅರಿಯುತ್ತಿತ್ತು, ಹೆಜ್ಜೆ ಇಟ್ಟದ್ದನ್ನು ಅರಿಯುತ್ತಿರಲಿಲ್ಲ. ತಂತಿಯಿಂದಲೇ ಹೆಸರು ಮಾಡಿದ ಕಂಪನಿ 2021ರಲ್ಲಿ ರಿಫ್ಟ್ ಸಾಲನ್ನೇ ನಿಲ್ಲಿಸಿತು.

ಹಾಗಾದರೆ ತಂತಿಯ ಕಾಲ ಮುಗಿಯಿತೆ? ಇಲ್ಲ. ತಲೆಯ ಮೇಲಿನ ಕಂಪ್ಯೂಟರಿಗೆ ಮೂರು ದಾಯಾದಿಗಳು: ಭಾರ, ಬಿಸಿ, ಬ್ಯಾಟರಿ. ದೊಡ್ಡ ಕಂಪ್ಯೂಟರಿನ ಒಳ್ಳೆಯ ಚಿತ್ರಕಾರ್ಡೊಂದು 200 ವ್ಯಾಟ್ ವಿದ್ಯುತ್ ನುಂಗಿ, ಬಿಸಿಯನ್ನು ಫ್ಯಾನಿನಿಂದ ಹೊರದೂಡುತ್ತದೆ. ಹಣೆಯ ಮೇಲೆ ಹಾಗೆ ಒಲೆ ಹೊತ್ತಿಸಲಾದೀತೆ? 2023ರ ಕ್ವೆಸ್ಟ್ 3 ತೂಗುವುದು 515 ಗ್ರಾಂ, ಅದರ ಬ್ಯಾಟರಿ ಬಾಳುವುದು ಸುಮಾರು ಎರಡು ಗಂಟೆ. ಆದ್ದರಿಂದ ಸ್ವತಂತ್ರ ಹೆಡ್‌ಸೆಟ್ಟಿನ ಆಟಗಳಲ್ಲಿ ನೆರಳು, ಬೆಳಕು, ಗೋಡೆಯ ಬಿರುಕುಗಳ ವಿವರ ಕಡಿಮೆ. ವಾಲ್ವ್ ಕಂಪನಿಯ 2020ರ 'ಹಾಫ್‌ಲೈಫ್: ಆಲಿಕ್ಸ್' ಆಟವನ್ನು ಕ್ವೆಸ್ಟ್ ತಾನೊಂದೇ ಓಡಿಸಲಾರದು. ಕುರ್ಚಿಯಲ್ಲಿ ಕೂತು ವಿಮಾನ ಹಾರಿಸುವ, ಕಾರು ಓಡಿಸುವ ಆಟಗಳಿಗೂ ದೊಡ್ಡ ಕಂಪ್ಯೂಟರೇ ಸರಿ. ಅಲ್ಲಿ ಆಟಗಾರ ಕೂತಲ್ಲೇ ಇರುತ್ತಾನೆ, ತಂತಿ ಕಾಲಿಗೆ ತೊಡರುವ ಮಾತೇ ಇಲ್ಲ. ತದ್ವಿರುದ್ಧವಾಗಿ, ತಾಳಕ್ಕೆ ಸರಿಯಾಗಿ ಕತ್ತಿ ಬೀಸುವ 'ಬೀಟ್ ಸೇಬರ್' ಮೊದಲು ಕಂಪ್ಯೂಟರಿಗೆ ಬಂದದ್ದಾದರೂ, ಮೈತುಂಬ ಕುಣಿಯಲು ತಂತಿಯಿಲ್ಲದಿದ್ದರೇ ಸುಖ.

ಈ ಎರಡರ ನಡುವೆ ಸೇತುವೆಯೂ ಇದೆ. 2019ರ ಕೊನೆಯಲ್ಲಿ ಕ್ವೆಸ್ಟನ್ನು ತಂತಿಯಿಂದಲೂ, 2021ರಲ್ಲಿ ಮನೆಯ ವೈಫೈ ಮೂಲಕವೂ ಕಂಪ್ಯೂಟರಿಗೆ ಜೋಡಿಸುವ ವ್ಯವಸ್ಥೆ ಬಂತು. ಇಲ್ಲಿ ಕಂಪ್ಯೂಟರು ಬಿಡಿಸಿದ ಚಿತ್ರವನ್ನು ಹಿಂಡಿ, ಮಡಿಚಿ ಕಳಿಸುತ್ತದೆ. ಹೆಡ್‌ಸೆಟ್ ಬಿಚ್ಚಿ ತೋರಿಸುತ್ತದೆ. ಹಿಂಡಿದಾಗ ಕೊಂಚ ಮಸುಕು, ಬಿಚ್ಚುವಾಗ ಕೊಂಚ ತಡ. ಕಂಪ್ಯೂಟರಿನಿಂದ ರೂಟರಿಗೆ ತಂತಿ ಎಳೆದು, ರೂಟರನ್ನು ಆಡುವ ಕೋಣೆಯಲ್ಲೇ ಇಟ್ಟರೆ ಬಹುಪಾಲು ಆಟಗಳಿಗೆ ಇದು ಸಾಕು. ರೂಟರ್ ಎರಡು ಗೋಡೆಯಾಚೆ ಇದ್ದು, ಮನೆಮಂದಿಯೆಲ್ಲ ಅದೇ ವೈಫೈಯಲ್ಲಿ ಸಿನಿಮಾ ನೋಡುತ್ತಿದ್ದರೆ ಘಾಟಿಯ ಬಸ್ಸೇ ಗತಿ. ಮನೆಯಲ್ಲಿ ಬಲವಾದ ಕಂಪ್ಯೂಟರ್ ಇಲ್ಲದವರು ಇಂದು ಸ್ವತಂತ್ರ ಹೆಡ್‌ಸೆಟ್ ಕೊಂಡು, ನಾಳೆ ಬೇಕೆನಿಸಿದರೆ ಹೀಗೆ ಜೋಡಿಸಿಕೊಳ್ಳುವುದೇ ಜಾಣತನ. ಹೆಡ್‌ಸೆಟ್ಟಿಗೆಂದೇ ಹೊಸ ಕಂಪ್ಯೂಟರ್ ಕೊಳ್ಳುವ ಅಗತ್ಯ ವಿಮಾನದಾಟದ ಹುಚ್ಚು ಹಿಡಿದವರಿಗಷ್ಟೇ.

ಕೊಳ್ಳುವವರು ಸಾಮಾನ್ಯವಾಗಿ ಕೇಳದ ಪ್ರಶ್ನೆ ಇನ್ನೊಂದಿದೆ: ಇದು ಎಷ್ಟು ವರ್ಷ ಬಾಳೀತು? 2017ರಿಂದ ಏಸರ್, ಲೆನೊವೊ, ಎಚ್‌ಪಿ ಮೊದಲಾದವರು ಮೈಕ್ರೋಸಾಫ್ಟ್‌ನ ವ್ಯವಸ್ಥೆಯನ್ನು ನೆಚ್ಚಿ ತಂತಿಯ ಹೆಡ್‌ಸೆಟ್‌ಗಳನ್ನು ಮಾರಿದರು. 2024ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನಿಂದ ಆ ವ್ಯವಸ್ಥೆಯನ್ನೇ ಕಿತ್ತುಹಾಕಿತು. ಪರದೆ, ಮಸೂರ ಎಲ್ಲ ಸರಿಯಾಗಿದ್ದರೂ ಹೊಸ ವಿಂಡೋಸ್ ಹಾಕಿಕೊಂಡವರ ಹೆಡ್‌ಸೆಟ್ ಕಪಾಟು ಸೇರಿತು. 2025ರಲ್ಲಿ ಎಂಜಿನಿಯರೊಬ್ಬರು ಬಿಡುವಿನಲ್ಲಿ ಬರೆದ ಉಚಿತ ತಂತ್ರಾಂಶ, ಎನ್ವಿಡಿಯಾ ಕಾರ್ಡ್ ಇದ್ದವರ ಪಾಲಿಗೆ ಅವಕ್ಕೆ ಮರುಜೀವ ಕೊಟ್ಟಿತೆಂಬುದು ಬೇರೆ ಮಾತು. ಸ್ವತಂತ್ರ ಬಗೆಯೂ ಇದಕ್ಕೆ ಹೊರತಲ್ಲ. 2019ರ ಮೊದಲ ಕ್ವೆಸ್ಟ್‌ಗೆ ಹೊಸ ಸೌಲಭ್ಯಗಳು ಸಿಗುವುದಿಲ್ಲವೆಂದು ಕಂಪನಿ 2023ರಲ್ಲೇ ಸಾರಿತು. ಆಟಗಳ ಮಟ್ಟಿಗೆ ಮಾತ್ರ ಒಂದು ವ್ಯತ್ಯಾಸವಿದೆ. ಕಂಪ್ಯೂಟರಿಗೆಂದು ಸ್ಟೀಮ್ ಮಳಿಗೆಯಲ್ಲಿ ಕೊಂಡ ಆಟವನ್ನು ನಾಳೆ ಬೇರೆ ಕಂಪನಿಯ ಹೆಡ್‌ಸೆಟ್ಟಿನಲ್ಲೂ ಸಾಮಾನ್ಯವಾಗಿ ಆಡಬಹುದು. ಕ್ವೆಸ್ಟ್‌ನೊಳಗೆ ಕೊಂಡದ್ದು ಹೆಚ್ಚಾಗಿ ಆ ಕಂಪನಿಯ ಖಾತೆಯಲ್ಲೇ ಉಳಿಯುತ್ತದೆ. ಐದಾರು ವರ್ಷ ಆಟ ಕೊಳ್ಳುತ್ತ ಹೋದವರಿಗೆ ಆ ಮೊತ್ತ ಹೆಡ್‌ಸೆಟ್ಟಿನ ಬೆಲೆಯನ್ನೇ ಮೀರಬಹುದು.

ಮಕ್ಕಳಿಗೆಂದು ಕೊಳ್ಳುವವರು ವಯಸ್ಸಿನ ಮಿತಿಯನ್ನೂ ನೋಡಬೇಕು. ಕ್ವೆಸ್ಟ್ ತಯಾರಕರು 13 ಇದ್ದ ಮಿತಿಯನ್ನು 2023ರಲ್ಲಿ, ತಂದೆತಾಯಿಯ ಒಪ್ಪಿಗೆಯ ಮೇಲೆ, 10ಕ್ಕೆ ಇಳಿಸಿದರು. ಅದಕ್ಕಿಂತ ಚಿಕ್ಕವರಿಗೆ ಕೊಡುವುದನ್ನು ಅವರೇ ಒಪ್ಪುವುದಿಲ್ಲ.

ಇತ್ತ 'ಆಲಿಕ್ಸ್' ಮಾಡಿದ, ತಂತಿಯ ಪಕ್ಷದ ಹಿರಿಯನೆನಿಸಿದ ವಾಲ್ವ್ 2025ರ ನವೆಂಬರಿನಲ್ಲಿ ಸ್ಟೀಮ್ ಫ್ರೇಮ್ ಎಂಬ ಹೊಸ ಹೆಡ್‌ಸೆಟ್ಟನ್ನು ಪ್ರಕಟಿಸಿತು. ಅದರೊಳಗೆ ತನ್ನದೇ ಕಂಪ್ಯೂಟರ್ ಇದೆ. ಜೊತೆಗೆ ದೊಡ್ಡ ಕಂಪ್ಯೂಟರಿಗೆ ಸಿಕ್ಕಿಸಲು, ಮನೆಯ ವೈಫೈಯನ್ನು ನೆಚ್ಚದೆ ನೇರವಾಗಿ ಚಿತ್ರ ಕಳಿಸುವ ಬೆರಳುದ್ದದ ಸಾಧನವನ್ನೂ ಕೊಡುತ್ತಾರೆ. ಕಣ್ಣು ನೆಟ್ಟ ಕಡೆಯಷ್ಟೇ ಚಿತ್ರವನ್ನು ಸ್ಪಷ್ಟವಾಗಿ ಕಳಿಸಿ, ಉಳಿದೆಡೆ ವಿವರ ಕಡಿಮೆ ಮಾಡುವ ಉಪಾಯ ಅದರದು. ಹೆಡ್‌ಸೆಟ್ಟಿಗೂ ಕಂಪ್ಯೂಟರಿಗೂ ನಡುವೆ ತಂತಿಯಿಲ್ಲ. ಬ್ಯಾಟರಿಯನ್ನು ಹಣೆಯ ಮೇಲಿಂದ ತೆಗೆದು ತಲೆಯ ಹಿಂಬದಿಯ ಪಟ್ಟಿಗೆ ಸಾಗಿಸಿದ್ದಾರೆ.