ಹಬ್ಬದ ರಜೆ ಮತ್ತು ಬೀಜ-ಗೊಬ್ಬರದ ಅಂಗಡಿ
(ಕುಂದಗೋಳದಲ್ಲಿ ರೈತರು ಮತ್ತು ಕೃಷಿ ಪರಿಕರ ಮಾರಾಟಗಾರರ ಮುಂದೆ ಮಾಡಿದ ಭಾಷಣ)



ಹಬ್ಬ ಎಲ್ಲರಿಗೂ ಬೇಕು. ವರ್ಷವಿಡೀ ಗೊಬ್ಬರದ ಚೀಲ ಎತ್ತಿಳಿಸುವ ಅಂಗಡಿಯವರಿಗೂ, ಅವರ ಕೈಕೆಳಗೆ ದುಡಿಯುವ ಹುಡುಗರಿಗೂ ನಾಲ್ಕು ದಿನ ವಿಶ್ರಾಂತಿ ಬೇಕು. ಆದುದರಿಂದ ಅಂಗಡಿ ಮುಚ್ಚಬಾರದೆಂದು ಯಾರೂ ಹೇಳುವುದಿಲ್ಲ. ಯಾವಾಗ ಮುಚ್ಚುತ್ತದೆ, ಯಾವಾಗ ತೆರೆಯುತ್ತದೆ ಎಂಬುದು ರೈತನಿಗೆ ಮೊದಲೇ ತಿಳಿದಿರಬೇಕು. ಇಷ್ಟೇ ಇಂದಿನ ವಿಷಯ.

ಬೇರೆ ಅಂಗಡಿಗಳಿಗೂ ಬೀಜದ ಅಂಗಡಿಗೂ ವ್ಯತ್ಯಾಸವಿದೆ. ಬಟ್ಟೆಯನ್ನು ಇಂದಲ್ಲದಿದ್ದರೆ ನಾಳೆ ಕೊಳ್ಳಬಹುದು. ಎರೆ ಭೂಮಿಯ ಹಸಿ ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಕುಂದಗೋಳ ತಾಲೂಕಿನಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಕಡಲೆಯನ್ನು ಅಕ್ಟೋಬರ್ ತಿಂಗಳಲ್ಲಿ ಬಿತ್ತುವುದು ಸೂಕ್ತ. ಮಳೆ ಬಿಟ್ಟು ಬಿಸಿಲು ಬಿದ್ದ ಮೇಲೆ ಮೇಲ್ಪದರ ಬೇಗ ಆರುತ್ತದೆ. ಕೂರಿಗೆಯ ಬೀಜ ಒಣಮಣ್ಣಿಗೆ ಬಿದ್ದರೆ ಮೊಳಕೆ ಚದುರಿ ಬರುತ್ತದೆ, ಪೈರು ತೆಳ್ಳಗಾಗುತ್ತದೆ. ಮೂರು ದಿನ ತಡವಾದರೂ ಅದರ ಫಲ ಸುಗ್ಗಿಯಲ್ಲಿ ಕಾಣುತ್ತದೆ.

ಹಬ್ಬ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಚಾಂದ್ರಮಾನದ ವರ್ಷ ಸುಮಾರು 354 ದಿನಗಳದ್ದು. ಆದ್ದರಿಂದ ಹಬ್ಬಗಳು ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ ಹೋಗಿ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತವೆ. 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಬಲಿಪಾಡ್ಯಮಿ ನವೆಂಬರ್ 14ಕ್ಕೆ ಬಿತ್ತು. 2025ರಲ್ಲಿ ಅದೇ ಹಬ್ಬ ಅಕ್ಟೋಬರ್ 22ಕ್ಕೆ ಬಂದಿತು. ಹೀಗೆ ದೀಪಾವಳಿ ಒಂದು ವರ್ಷ ಕಡಲೆ ಬಿತ್ತುವ ದಿನಗಳಲ್ಲಿ, ಇನ್ನೊಂದು ವರ್ಷ ಕಡಲೆಗೆ ಕಾಯಿಕೊರಕ ಹುಳು ಕಾಣುವ ದಿನಗಳಲ್ಲಿ ಬೀಳುತ್ತದೆ. ಮರಿಹುಳು ಸಣ್ಣದಿದ್ದಾಗ ಸಿಂಪಡಣೆಗೆ ಬೇಗ ಸಾಯುತ್ತದೆ. ಬಲಿತ ಮೇಲೆ ಔಷಧಿಗೆ ಬಗ್ಗುವುದಿಲ್ಲ, ಕಾಯಿಯನ್ನೂ ಬಿಡುವುದಿಲ್ಲ. ಬಿತ್ತನೆಗಾಗಲಿ ಸಿಂಪಡಣೆಗಾಗಲಿ ದಿನಗಳ ಲೆಕ್ಕವೇ ಮುಖ್ಯ.

ಹೀಗಿರುವಾಗ ಸಂಶಿ, ಗುಡಗೇರಿ ಅಥವಾ ಯರಗುಪ್ಪಿಯ ರೈತನೊಬ್ಬ ಮುಂಜಾನೆಯ ಬಸ್ಸು ಹಿಡಿದು ತಾಲೂಕಿನ ಊರಿಗೆ ಬರುತ್ತಾನೆ. ಅಂಗಡಿಯ ಬಾಗಿಲು ಹಾಕಿದೆ. “ಹಬ್ಬದ ನಿಮಿತ್ತ ರಜೆ” ಎಂಬ ಚೀಟಿ ಮಾತ್ರ ಅಂಟಿದೆ. ಪಕ್ಕದ ಚಹಾದಂಗಡಿಯಲ್ಲಿ ಕೇಳುತ್ತಾನೆ:

“ಯಜಮಾನ್ರ, ಅಂಗಡಿ ಯಾವಾಗ ತೆಗಿತಾರ್ರೀ?”

“ಹಬ್ಬಾ ಮುಗದ ಮ್ಯಾಲ ತೆಗಿತಾರ್ರೀ.”

ಇದರಿಂದ ಆತನಿಗೆ ತಿಳಿದದ್ದು ಏನೂ ಇಲ್ಲ. ಕೆಲವರು ಪಾಡ್ಯದ ಮರುದಿನವೇ ತೆರೆಯುತ್ತಾರೆ, ಕೆಲವರು ಒಳ್ಳೆಯ ದಿನ ನೋಡಿ ತೆರೆಯುತ್ತಾರೆ. ಆತ ನಾಳೆ ಮತ್ತೆ ಬರಬೇಕೇ, ಹುಬ್ಬಳ್ಳಿಗೆ ಹೋಗಬೇಕೇ? ಅವಸರದಲ್ಲಿ ಚೀಟಿಯಿಲ್ಲದ ಚೀಲದ ಬೀಜವನ್ನು ಪಾವತಿಯಿಲ್ಲದೆ ಕೊಂಡು ಬಿಡುವವರೂ ಉಂಟು. ಅದು ಮೊಳೆಯದಿದ್ದರೆ ಕೇಳಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ರೈತನಿಗೆ ಹಂಗಾಮು ಹೋಯಿತು, ಅಂಗಡಿಯವರಿಗೆ ಹಳೆಯ ಗಿರಾಕಿ ಹೋದ. ಒಂದು ಸಾಲು ಬರೆಯದಿದ್ದುದರಿಂದ ಇಬ್ಬರಿಗೂ ನಷ್ಟ.

ಅಂಗಡಿಯವರು ಏನು ಮಾಡಬಹುದು?

ಮೊದಲನೆಯದಾಗಿ, ಫಲಕ ಹೊಸದಾಗಿ ಬೇಕಾಗಿಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶ ಮತ್ತು 1983ರ ಬೀಜ ನಿಯಂತ್ರಣ ಆದೇಶಗಳ ಪ್ರಕಾರ ದಾಸ್ತಾನು ಮತ್ತು ದರದ ಫಲಕವನ್ನು ಎದ್ದು ಕಾಣುವಂತೆ ಹಾಕಲೇಬೇಕು. ರಜೆಗೆ ಹತ್ತು ದಿನ ಮೊದಲು ಅದರ ಕೆಳಗೆ ರಜೆಯ ವಿಷಯವನ್ನು ಬರೆದರಾಯಿತು. ಆ ಬರಹ ಹೀಗಿರಲಿ:

“ದೀಪಾವಳಿ ರಜೆ. ಅಕ್ಟೋಬರ್ 20 ಸೋಮವಾರದಿಂದ 22 ಬುಧವಾರದವರೆಗೆ ಅಂಗಡಿ ಇರುವುದಿಲ್ಲ. 19 ರವಿವಾರ ಸಂಜೆ 7ರವರೆಗೆ ವ್ಯಾಪಾರ ಉಂಟು. 23 ಗುರುವಾರ ಮುಂಜಾನೆ 9ಕ್ಕೆ ಮತ್ತೆ ತೆರೆಯುತ್ತದೆ.”

ತಾರೀಖು, ವಾರ, ವೇಳೆ ಮೂರೂ ಇರಬೇಕು. ಇವುಗಳಲ್ಲಿ ತೆರೆಯುವ ದಿನವೇ ಮುಖ್ಯ. ಅಂಗಡಿ ಮುಚ್ಚಿದ್ದು ಬಾಗಿಲು ನೋಡಿದರೆ ತಿಳಿಯುತ್ತದೆ, ತೆರೆಯುವುದು ತಿಳಿಯುವುದಿಲ್ಲ.

ಎರಡನೆಯದಾಗಿ, ಫಲಕ ಅಂಗಡಿಗೆ ಬಂದವರಿಗೆ ಮಾತ್ರ ಕಾಣುತ್ತದೆ. ಸುದ್ದಿ ಹಳ್ಳಿಗೆ ಹೋಗಬೇಕು. ಹಿಂದೆ ಡಂಗುರ ಸಾರುತ್ತಿದ್ದರು. ಇಂದು ಹಾಲಿನ ಡೇರಿ, ಗ್ರಾಮ ಪಂಚಾಯತಿ, ಸೊಸೈಟಿ ಮತ್ತು ಬಸ್ ನಿಲ್ದಾಣಗಳಲ್ಲಿ ಒಂದೊಂದು ಚೀಟಿ ಅಂಟಿಸಬಹುದು. ಡೇರಿಗೆ ಹಾಲು ಹಾಕಲು ಜನ ದಿನಕ್ಕೆರಡು ಸಲ ಬರುತ್ತಾರೆ, ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಉದ್ರಿ ಖಾತೆಯಲ್ಲಿ ಗಿರಾಕಿಗಳ ದೂರವಾಣಿ ಸಂಖ್ಯೆ ಇದ್ದೇ ಇರುತ್ತದೆ. ಊರಿಗೊಬ್ಬರಂತೆ ವಾಟ್ಸಾಪ್ ಸಂದೇಶ ಕಳಿಸಬಹುದು. ಓದಲು ಬಾರದವರಿಗಾಗಿ ಅದನ್ನೇ ಧ್ವನಿಯಲ್ಲಿ ಹೇಳಿ ಕಳಿಸುವುದು ಲೇಸು. ಕೊನೆಯ ಸಂತೆಯ ದಿನ ಪಾವತಿ ಕೊಡುವಾಗ ಬಾಯಿಂದಲೂ ಹೇಳಬೇಕು.

ಮೂರನೆಯದಾಗಿ, ಬಿತ್ತನೆಯ ಕಾಲದಲ್ಲಿ ಎಲ್ಲ ಅಂಗಡಿಗಳೂ ಒಂದೇ ದಿನ ಮುಚ್ಚದಂತೆ ವ್ಯಾಪಾರಸ್ಥರು ಕೂಡಿ ಸರದಿ ಗೊತ್ತುಮಾಡಿಕೊಳ್ಳಬೇಕು. ಇಂದು ಯಾವ ಅಂಗಡಿ ತೆರೆದಿದೆ ಎಂಬುದನ್ನು ಎಲ್ಲರೂ ತಮ್ಮ ಬಾಗಿಲಿನ ಮೇಲೆ ಬರೆಯಬೇಕು. ರಸಗೊಬ್ಬರವನ್ನು ಯಂತ್ರದಲ್ಲಿ ಬೆರಳಚ್ಚು ಪಡೆದು ಮಾರಬೇಕಾಗಿರುವುದರಿಂದ, ಸರದಿಯ ದಿನ ಕೀಲಿಕೈ ಇದ್ದವರು ಸಾಲದು, ಯಂತ್ರ ಬಲ್ಲವರೂ ಇರಬೇಕು.

ನಾಲ್ಕನೆಯದಾಗಿ, ಬರೆದ ದಿನಕ್ಕೆ ಬಾಗಿಲು ತೆರೆಯಬೇಕು. ಅನಿವಾರ್ಯವಾಗಿ ತಡವಾದರೆ ಹಿಂದಿನ ದಿನವೇ ಚೀಟಿ ಬದಲಿಸಬೇಕು. ಒಂದು ಸಲ ಮಾತು ತಪ್ಪಿದರೆ ಮುಂದಿನ ವರ್ಷ ಆ ಫಲಕವನ್ನು ಯಾರೂ ನಂಬುವುದಿಲ್ಲ. ಇದೇ ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತಕ್ಕೆ ದೂರದ ಊರುಗಳಿಂದ ಜನ ಬರುವುದು ದಿನ ಮೊದಲೇ ತಿಳಿದಿರುವುದರಿಂದ. ಅಂಗಡಿಯ ವಿಷಯವೂ ಹಾಗೆಯೇ.

ಇನ್ನು ರೈತರ ಪಾಲಿನ ಕೆಲಸ. ಪಂಚಾಂಗವನ್ನು ಹಬ್ಬಕ್ಕೆ ನೋಡುವಂತೆ ಬಿತ್ತನೆಗೂ ನೋಡಬೇಕು. ಹಬ್ಬಕ್ಕೆ ಒಂದು ವಾರ ಮೊದಲೇ ಬೀಜ, ಗೊಬ್ಬರ, ಬೀಜೋಪಚಾರದ ಸಾಮಗ್ರಿ ತಂದಿಡಬೇಕು. ಜೀವಾಣು ಗೊಬ್ಬರದ ಪೊಟ್ಟಣದ ಅವಧಿ ನೋಡಿ ಕೊಂಡು ತಂಪು ನೆರಳಿನಲ್ಲಿ ಇಡಬೇಕು. ಆದರೆ ಕೀಟನಾಶಕವನ್ನು ಮಾತ್ರ ಮುಂಚಿತವಾಗಿ ತಂದು ಮನೆಯಲ್ಲಿ ಕೂಡಿಡಬಾರದು. ಹಬ್ಬಕ್ಕೆ ಮಕ್ಕಳು, ನೆಂಟರು ತುಂಬಿದ ಮನೆಯಲ್ಲಿ ಅದು ಅಪಾಯ. ಹೊಲ ನೋಡಿ, ಹುಳು ಕಂಡ ಮೇಲೆ, ಸರದಿಯ ಅಂಗಡಿಯಿಂದ ಬೇಕಾದಷ್ಟೇ ತರಬೇಕು.

ಮೊದಲೇ ಬೀಜ ತಂದರೆ ಇನ್ನೊಂದು ಲಾಭವಿದೆ. ಅಂಗಡಿ ಮುಚ್ಚಿರುವ ದಿನಗಳಲ್ಲೇ 100 ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಪರೀಕ್ಷೆ ಮಾಡಬಹುದು. ಪ್ರಮಾಣಿತ ಬೀಜವಾದರೆ ಜೋಳದಲ್ಲಿ ಕನಿಷ್ಠ 75, ಕಡಲೆಯಲ್ಲಿ ಕನಿಷ್ಠ 85 ಮೊಳೆಯಬೇಕು. ಕಡಿಮೆಯಾದರೆ ಪಾವತಿ ಮತ್ತು ಚೀಲದ ಚೀಟಿ ಹಿಡಿದು, ಬಾಗಿಲು ತೆರೆದ ದಿನವೇ ಅಂಗಡಿಗೆ ಹೋಗಿ ಕೇಳಬಹುದು. ಬಿತ್ತಿದ ಮೇಲೆ ತಿಳಿದರೆ ಕಾಲ ಮಿಂಚಿರುತ್ತದೆ. ರಜೆಯ ದಿನ ಬೆಳೆಯ ಬಗೆಗೆ ಸಂಶಯ ಬಂದರೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಿ ಕೇಳಬಹುದು.

ವ್ಯಾಪಾರಸ್ಥ ಮಿತ್ರರೇ, ಫಲಕದ ಮೇಲೆ ನಾಲ್ಕು ಸಾಲು ಬರೆಯಲು ತಗಲುವುದು ಒಂದು ತುಂಡು ಸೀಮೆಸುಣ್ಣ. ಅದರಿಂದ ಒಬ್ಬ ರೈತನ ಎರಡು ಎಕರೆ ಕಡಲೆ ಹಸಿ ಇರುವಾಗಲೇ ಭೂಮಿಗೆ ಬಿದ್ದರೆ, ಆತ ಸುಗ್ಗಿಯಲ್ಲಿ ಉದ್ರಿ ತೀರಿಸಲು ಬರುವುದೂ ನಿಮ್ಮ ಅಂಗಡಿಗೇ. ಬರುವ ಹಬ್ಬದಿಂದಲೇ ಈ ಪದ್ಧತಿ ಕುಂದಗೋಳದಲ್ಲಿ ಆರಂಭವಾಗಲಿ.